ನಾಲ್ಕನೆಯ ಸಾಲಿಗ್ರಾಮ

ಯುವರಾಜ್ ನಮ್ಮ ಕಟ್ಟಡದ ವಾಚ್‌ಮನ್. ಕತ್ರಿಗುಪ್ಪೆ ವಾಟರ್ ಟ್ಯಾಂಕಿನ ಹಿಂದಿನ ಬೀದಿಯಲ್ಲಿ ಹನ್ನೆರಡು ಮನೆಗಳ ಅಪಾರ್ಟ್‌ಮೆಂಟು ನಮ್ಮದು. ಅವನು ನೇಪಾಳದಿಂದ ಬಂದು ಗೇಟಿನ ಪಕ್ಕದ ಕೋಣೆ ಸೇರಿ ಒಂಬತ್ತು ವರ್ಷವಾಯಿತು. ದಿನಾ ಬೆಳಿಗ್ಗೆ ಏಳೂವರೆಗೆ, ನನ್ನ ಪೂಜೆಯ ಗಂಟೆ ನಿಂತ ಮೇಲೆ, ಮೂರನೇ ಮಹಡಿಗೆ ಹತ್ತಿ ಬಂದು ಹೊಸ್ತಿಲಾಚೆ ನಿಂತು ಬಲಗೈ ಚಾಚುತ್ತಿದ್ದ. ನಾನು ಉದ್ಧರಣೆಯಲ್ಲಿ ಮೂರು ಸಲ ತೀರ್ಥ ಹಾಕುತ್ತಿದ್ದೆ. ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡು, ಮಾತಾಡದೆ ಇಳಿದು ಹೋಗುತ್ತಿದ್ದ. ಎಂಟಕ್ಕೆ ಶಾಲೆಯ ವ್ಯಾನುಗಳು ಬರುತ್ತವೆ, ಗೇಟು ತೆಗೆಯಬೇಕು.

ಇದು ಶುರುವಾದದ್ದು ಅವನು ಬಂದ ಮೊದಲ ವರ್ಷ. ಗ್ಯಾಸ್ ಸಿಲಿಂಡರ್ ಹೊತ್ತು ತಂದವನು ದೇವರಮನೆಯ ಕಡೆ ಕಣ್ಣು ಹಾಯಿಸಿ ಅಲ್ಲೇ ನಿಂತುಬಿಟ್ಟ. ತಟ್ಟೆಯಲ್ಲಿ ಸಾಲಿಗ್ರಾಮಗಳಿದ್ದವು, ಅಭಿಷೇಕವಾಗಿ ಇನ್ನೂ ಒದ್ದೆ.

"ಸಾರ್, ಇದು ನಮ್ಮೂರ ಕಲ್ಲು," ಅಂದ.

"ಯಾವೂರಪ್ಪ ನಿಂದು?"

ಗಂಡಕಿ ನದಿಯ ದಡ. ಊರ ಹೆಸರು ಧುಂಗೆಖೋಲಾ. ಮುಕ್ತಿನಾಥದ ದಾರಿಯಿಂದ ಕೆಳಗಿಳಿದರೆ ನದಿ, ನದಿಗೆ ಅಂಟಿಕೊಂಡಂತೆ ಇಪ್ಪತ್ತು ಮಣ್ಣಿನ ಮನೆ. ಅವನಪ್ಪ ಯಾತ್ರಿಕರಿಗಾಗಿ ನದಿಗಿಳಿದು ಸಾಲಿಗ್ರಾಮ ಹೆಕ್ಕುವವನು. ಚಿಕ್ಕವನಿದ್ದಾಗ ಇವನೂ ಜೊತೆಗೆ ಹೋಗುತ್ತಿದ್ದನಂತೆ. ಅಪ್ಪನನ್ನು ಅವನು ಬುವಾ ಅನ್ನುತ್ತಾನೆ.

ಒಳಗಿನಿಂದ ನನ್ನ ಹೆಂಡತಿ ಸರಸ್ವತಿ ಕೂಗಿದಳು: "ರೀ, ನಾವು ದೇವರನ್ನ ಮನೇಲಿಟ್ಕೊಂಡಿದೀವಿ, ಈ ಹುಡುಗ ದೇವರ ತೌರಿಂದಾನೇ ಬಂದಿದಾನೆ. ನಿಲ್ಸಿ, ಕಾಫಿ ಕೊಡ್ತೀನಿ."

ನನಗೆ ಗಂಡಕಿ ಎಂದರೆ ಕಿವಿಯಲ್ಲಿ ಹರಿದ ನದಿ. ಅಪ್ಪ ಅಭಿಷೇಕ ಮಾಡುವಾಗ ಅವಳ ಕಥೆಯನ್ನು ರಾಗವಾಗಿ ಹೇಳುತ್ತಿದ್ದರು. ನಾನು ಅರಿಸಿನದ ಮಣೆಯ ಪಕ್ಕ ಮಂಡಿ ಮಡಿಸಿ ಕೂತು ಕೇಳುತ್ತಿದ್ದೆ. ಗಂಡಕಿ ತಪಸ್ಸು ಮಾಡಿದಳು, ವರ ಕೇಳು ಎಂದಾಗ ನೀನು ಎಂದೆಂದೂ ನನ್ನ ಹೊಟ್ಟೆಯಲ್ಲಿರು ಎಂದು ಹರಿಯನ್ನು ಕೇಳಿದಳು, ಅವನು ಕಲ್ಲಾಗಿ ಬಂದು ಇದ್ದ. ಅಪ್ಪ 'ಹೊಟ್ಟೆಯಲ್ಲಿರು' ಎಂಬಲ್ಲಿ ದನಿಯನ್ನು ಇಳಿಸಿ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿಸುತ್ತಿದ್ದರು. ಪಾತ್ರೆಯ ನೀರು ಮಾತ್ರ ಬೀಳುತ್ತಿರುತ್ತಿತ್ತು.

ಅಪ್ಪನ ಸಂಪುಟದಲ್ಲಿ ಆರು ಸಾಲಿಗ್ರಾಮಗಳಿದ್ದವು. ಅಪ್ಪ ಹೋದ ಮೇಲೆ ನಾನೂ ನನ್ನ ತಮ್ಮ ಕಿಟ್ಟಿಯೂ ಪಾತ್ರೆಪಡಗ ಹಂಚಿಕೊಂಡೆವು. ಕಿಟ್ಟಿಯ ಮನೆ ತಿಲಕ್ ನಗರದಲ್ಲಿ. "ದೇವ್ರಲ್ಲೂ ಸಮಪಾಲು ಅಣ್ಣ," ಅಂದ. ಮೂರು ಅವನಿಗೆ, ಮೂರು ನನಗೆ. ಒಂದು ವರ್ಷ ಹಾಗೇ ಪೂಜೆ ಮಾಡಿದೆವು. ಆಮೇಲೆ ಶ್ರಾದ್ಧಕ್ಕೆ ಬಂದ ಆಚಾರ್ಯರು ನನ್ನ ತಟ್ಟೆ ನೋಡಿ ಕೈಯಲ್ಲಿದ್ದ ದರ್ಭೆ ಕೆಳಗಿಟ್ಟರು.

"ಮೂರಿಟ್ಕೊಂಡು ಪೂಜೆ ಮಾಡ್ತಿದೀರಾ? ಒಂದೇ ಇದ್ರೆ ಸರಿ. ಜಾಸ್ತಿ ಇದ್ರೆ ಸಮ ಸಂಖ್ಯೆ ಇರ್ಬೇಕು. ಸಮದಲ್ಲೂ ಎರಡು ಬೇಡ. ನಾಲ್ಕು ಇಡಿ, ಆರು ಇಡಿ. ನಿಮ್ಮಪ್ಪ ಹೇಳ್ಕೊಟ್ಟಿಲ್ವೇ?"

ಅಪ್ಪ ಹೇಳಿಕೊಟ್ಟಿರಲಿಲ್ಲ. ಅವರಿಗೆ ಹೇಳುವ ಅಗತ್ಯ ಬಿದ್ದಿರಲಿಲ್ಲ. ಆರೂ ಒಂದೇ ಮನೆಯಲ್ಲಿದ್ದವು.

ನಾನು ತಿಲಕ್ ನಗರಕ್ಕೆ ಹೋದೆ. ಕಿಟ್ಟಿ ಬನಿಯನ್ನಿನಲ್ಲಿ ಕೂತು ಬೆರಳು ಮಡಿಸಿ ಲೆಕ್ಕ ಹಾಕಿದ. "ನಾಲ್ಕು ನಿಂಗೆ ಕೊಟ್ರೆ ನಂಗೆ ಎರಡು, ಅದು ಆಗಲ್ಲ. ಐದು ಕೊಟ್ರೆ ನಿಂಗೆ ಐದು, ಅದೂ ಆಗಲ್ಲ. ಅಂದ್ರೆ ಆರೂ ನಿಂಗೇ ಬರ್ಬೇಕು ಅಂತೀಯ. ಸಖತ್ತಾಗಿದೆ ನಿನ್ನ ಶಾಸ್ತ್ರ!"

"ಅಥವಾ ನೀನೇ ಆರೂ ಇಟ್ಕೋ."

"ಕೊಡ್ತೀಯಾ?"

ನನಗೆ ಕೊಡುವ ಮನಸ್ಸಿರಲಿಲ್ಲ. ಅಪ್ಪನ ಕೈ ತಾಗಿದ ಕಲ್ಲುಗಳು; ಅವುಗಳಿಲ್ಲದ ದೇವರಮನೆಯನ್ನು ನೆನೆಯಲೂ ಆಗಲಿಲ್ಲ. ಕಿಟ್ಟಿ ನಕ್ಕ. "ನೋಡ್ದ್ಯಾ! ನಂಗೂ ಅಷ್ಟೇ ಕಣೋ. ನಾನಂತೂ ಮೂರೇ ಇಟ್ಕೋತೀನಿ. ದೇವ್ರಿಗೆ ಗಣಿತ ಬರಲ್ಲ."

ಆದರೆ ನನ್ನ ಮನಸ್ಸಿಗೆ ಮುಳ್ಳು ಹೊಕ್ಕಿತ್ತು. ಇನ್ನೊಂದು ಬಂದರೆ ನನ್ನ ಮನೆಯಲ್ಲಿ ನಾಲ್ಕಾಗುತ್ತದೆ. ಸಾಲಿಗ್ರಾಮವನ್ನು ಬೆಲೆ ಕಟ್ಟಿ ಕೊಳ್ಳಬಾರದು. ಯಾರಾದರೂ ಕೊಟ್ಟರೆ ಸ್ವೀಕರಿಸಬೇಕು. ಕೊಡುವವರು ಯಾರು? ಪ್ರತಿದಿನ ಏಳೂವರೆಗೆ ಗಂಡಕಿ ದಡದವನೇ ಬಂದು ನನ್ನ ಹೊಸ್ತಿಲಲ್ಲಿ ಕೈ ಚಾಚುತ್ತಿದ್ದ.

ಹೀಗೇ ವರ್ಷಗಳು ಕಳೆದವು. ಕಟ್ಟಡದ ಬೋರು ಬತ್ತಿದ ಬೇಸಿಗೆ ಬಂತು. ದಿನಕ್ಕೆರಡು ಟ್ಯಾಂಕರು. ಅಭಿಷೇಕಕ್ಕೂ ಟ್ಯಾಂಕರಿನ ನೀರೇ. ತಾಮ್ರದ ಚೊಂಬಿಗೆ ತುಂಬುವಾಗ ತುಕ್ಕಿನ ವಾಸನೆ ಬರುತ್ತಿತ್ತು. ಒಂದು ಮಧ್ಯಾಹ್ನ ಗೇಟಿನ ಬಳಿ ನೆರಳಿನಲ್ಲಿ ಕೂತಿದ್ದಾಗ ಯುವರಾಜ್ ಊರಿಗೆ ವಿಡಿಯೋ ಕಾಲ್ ಮಾಡಿದ್ದ. ಫೋನನ್ನು ನನ್ನ ಕಡೆ ತಿರುಗಿಸಿ, "ಬುವಾ, ನಮ್ ಪಂಡಿತ್‌ಜಿ ಇವ್ರೇ," ಎಂದು ಪರಿಚಯಿಸಿದ. ಸುಕ್ಕು ಮುಖದ ಮುದುಕ, ತಲೆಯ ಮೇಲೆ ಟೋಪಿ, ಬಾಯಲ್ಲಿ ಎರಡೋ ಮೂರೋ ಹಲ್ಲು. ಕೈ ಮುಗಿದ. ಅಷ್ಟರಲ್ಲಿ ಟ್ಯಾಂಕರ್ ಬಂತು, ಹಾರ್ನ್ ಹೊಡೆಯಿತು. ಯುವರಾಜ್ ಫೋನನ್ನು ನನ್ನ ಕೈಗೆ ಕೊಟ್ಟು ಪೈಪು ಎಳೆಯಲು ಓಡಿದ.

ದೂರವಾಣಿ ಇಲಾಖೆಯವರು ನನ್ನನ್ನು ಮೂರು ವರ್ಷ ನಾಗಪುರಕ್ಕೆ ಹಾಕಿದ್ದರಿಂದ ನನಗೆ ಕೆಲಸಕ್ಕಾಗುವಷ್ಟು ಹಿಂದಿ ಬರುತ್ತದೆ. ಊರು ಹೇಗಿದೆ ಎಂದು ಕೇಳಿದೆ. ಮುದುಕ ಫೋನನ್ನು ಮೇಲೆತ್ತಿ ಮನೆಯ ಮಾಳಿಗೆ ತೋರಿಸಿದ. ಮಣ್ಣಿನ ಚಪ್ಪಟೆ ಮಾಳಿಗೆ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ. ಹಿಮಕ್ಕೆಂದು ಕಟ್ಟಿದ ಮನೆ ಇದು, ಮಳೆಗಲ್ಲ ಎಂದ. ಹಿಮವಾದರೆ ಸಲಿಕೆಯಲ್ಲಿ ಗುಡಿಸಿ ಕೆಳಗೆ ತಳ್ಳಬಹುದು. ಈಗ ಹಿಮ ಬೀಳುವುದಿಲ್ಲ, ಮಳೆ ಬೀಳುತ್ತದೆ. ಮಳೆಯನ್ನು ಗುಡಿಸುವುದು ಹೇಗೆ? ಮಾಳಿಗೆ ಕರಗುತ್ತದೆ. ಹೇಳಿ ನಕ್ಕ.

ಆಗ ನಾನು ನನ್ನ ಮೂರರ ಕಥೆ ಹೇಳಿದೆ. ಕೊಡಿ ಎಂದು ಕೇಳಲಿಲ್ಲ. ಕೇಳದೆ ಕೇಳುವುದು ನಮಗೆ ಚೆನ್ನಾಗಿ ಬರುತ್ತದೆ. ಅವನು ಎದ್ದು ಹೋಗಿ ಒಂದು ಬಿಸ್ಕತ್ ಡಬ್ಬ ತಂದು ಕ್ಯಾಮೆರಾದ ಮುಂದೆ ಅಲ್ಲಾಡಿಸಿದ. ಕಲ್ಲುಗಳು ಗಡಗಡ ಎಂದವು. ಬೇಕಾದಷ್ಟಿವೆ, ಚಕ್ರ ಇರುವಂಥವು, ಯಾರಾದರೂ ಆ ಕಡೆ ಬರುವವರ ಕೈಲಿ ಕಳಿಸುತ್ತೇನೆ ಎಂದ.

"ನದಿಯಲ್ಲಿ ಸಿಕ್ಕಿದ್ದೇ?" ಎಂದು ಕೇಳಿದೆ.

ಅಲ್ಲ, ಗುಡ್ಡದ ಇಳಿಜಾರಿನಲ್ಲಿ ಅಗೆದದ್ದು. ಈಗ ನದಿಗೆ ಇಳಿಯುವುದಿಲ್ಲ, ಮಂಡಿ ಕೇಳುವುದಿಲ್ಲ.

ಇಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಆದರೆ ಅಪ್ಪನ ಬಾಯಲ್ಲಿ ಕೇಳಿದ್ದು ನೆನಪಾಯಿತು: ನೆಲದಲ್ಲಿ ಸಿಕ್ಕಿದ್ದಕ್ಕಿಂತ ನೀರಿನಲ್ಲಿ ಸಿಕ್ಕಿದ್ದು ಶ್ರೇಷ್ಠ. ನಾಲ್ಕನೆಯದು ಬರುವುದೇ ಆದರೆ ಉತ್ತಮವಾದದ್ದೇ ಬರಲಿ ಎನಿಸಿತು. ಹರಿಯುವ ನೀರಿನಲ್ಲಿ ಸಿಕ್ಕಿದ್ದಾದರೆ ಒಳ್ಳೆಯದಿತ್ತು, ಅವಸರವೇನೂ ಇಲ್ಲ ಎಂದೆ.

ಮುದುಕ ಡಬ್ಬದ ಮುಚ್ಚಳ ಹಾಕಿದ. ಸ್ವಲ್ಪ ಯೋಚಿಸಿ ತಲೆಯಾಡಿಸಿದ. ಆಗಲಿ ಪಂಡಿತ್‌ಜಿ, ಶ್ರಾವಣದಲ್ಲಿ ನೀರು ಹೊಸ ಕಲ್ಲು ತರುತ್ತದೆ, ಒಂದು ಬೆಳಿಗ್ಗೆ ಇಳಿದು ನೋಡುತ್ತೇನೆ. ಬಿಸಿಲೇರಿದ ಮೇಲೆ ಹಿಮ ಕರಗಿ ನದಿ ಏಳುತ್ತದೆ. ಬೆಳಿಗ್ಗೆ ಅದು ಮಲಗಿರುತ್ತದೆ, ಭಯವಿಲ್ಲ.

ಯುವರಾಜ್ ಕೈ ಒರೆಸಿಕೊಳ್ಳುತ್ತಾ ವಾಪಸು ಬಂದ. "ಏನಂದ್ರು ಸಾರ್ ಬುವಾ?"

"ಮಳೆ ಜಾಸ್ತಿಯಂತೆ," ಅಂದೆ.

ಶ್ರಾವಣದ ಎರಡನೆಯ ವಾರ, ಒಂದು ಗುರುವಾರ, ಪೂಜೆ ಮುಗಿಸಿ ಬಾಗಿಲು ತೆಗೆದರೆ ಯುವರಾಜ್ ಇರಲಿಲ್ಲ. ಹತ್ತು ನಿಮಿಷ ಕಾದೆ. ಪಂಚಪಾತ್ರೆ ಹಿಡಿದೇ ಕೆಳಗಿಳಿದೆ. ಅವನು ಕೋಣೆಯ ಮಂಚದ ತುದಿಯಲ್ಲಿ ಕೂತು ಫೋನು ನೋಡುತ್ತಿದ್ದ. ಗೇಟಿನಾಚೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಲೇ ಇತ್ತು.

ಊರಿನಿಂದ ಅವನ ಅಕ್ಕನ ಮಗ ಕಳಿಸಿದ ವಿಡಿಯೋ. ನದಿ ಎಂದು ಅವನು ಹೇಳಿದ್ದರಿಂದ ನದಿ ಎಂದುಕೊಂಡೆ. ಹಸಿ ಸಿಮೆಂಟನ್ನು ಸುರಿದ ಹಾಗಿತ್ತು, ಕಪ್ಪಗೆ, ದಪ್ಪಗೆ. ಅದರೊಳಗೆ ಒಂದು ಮನೆಯ ಬಾಗಿಲುವಾಡ ನೆಟ್ಟಗೆ ನಿಂತೇ ಸಾಗಿಹೋಯಿತು. ಮೇಲೆ ಬಿಸಿಲು, ನೀಲಿ ಆಕಾಶ. ಮಳೆಯ ಒಂದು ಹನಿಯೂ ಇಲ್ಲ.

"ಮೇಲ್ಗಡೆ ಕೆರೆ ಇತ್ತಂತೆ ಸಾರ್. ಐಸ್ ಕರಗಿ ಕರಗಿ ಆಗಿದ್ದು. ಯಾರ್ಗೂ ಗೊತ್ತಿರ್ಲಿಲ್ಲ. ನಿನ್ನೆ ಬೆಳಿಗ್ಗೆ ಕಟ್ಟೆ ಒಡೀತು."

"ಬುವಾ?"

"ಬೆಳಿಗ್ಗೆ ನದಿ ಹತ್ರ ಹೋಗಿದ್ರಂತೆ." ಅವನು ನನ್ನ ಮುಖ ನೋಡಿದ. "ಯಾಕೆ ಹೋದ್ರು ಸಾರ್? ಐದು ವರ್ಷದಿಂದ ಇಳ್ದೇ ಇಲ್ಲ. ಅಕ್ಕ ಬೇಡ ಅಂದ್ಳಂತೆ. ಒಂದು ಕೆಲ್ಸ ಇದೆ ಅಂದ್ರಂತೆ. ಏನ್ ಕೆಲ್ಸ?"

ನನ್ನ ಕೈಯಲ್ಲಿ ತೀರ್ಥವಿತ್ತು. ಬಾಯಲ್ಲಿ ಉತ್ತರವಿತ್ತು.

"ದೈವೇಚ್ಛೆ ಕಣಪ್ಪ," ಅಂದೆ.

ಇಡೀ ಜನ್ಮದಲ್ಲಿ ನಾನು ಆಡಿದ ಅತ್ಯಂತ ಕೆಟ್ಟ ಮಾತು ಅದು. ಅವನು ಹೌದೆಂಬಂತೆ ತಲೆಯಾಡಿಸಿದ. ಕೈ ಚಾಚಿದ. ನಾನು ಮೂರು ಉದ್ಧರಣೆ ಹಾಕಿದೆ. ಅವನು ಕುಡಿದ. ನೆತ್ತಿಗೆ ಒರೆಸಿಕೊಂಡ.

ಅಂದು ಸಂಜೆಯ ರೈಲಿಗೆ ಅವನು ಹೊರಟ. ಬದಲಿಗೆ ಏಜೆನ್ಸಿಯವರು ಮುನಿಯಣ್ಣ ಎಂಬ ವಯಸ್ಸಾದವನನ್ನು ಕಳಿಸಿದರು. ಅವನು ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಿದ್ದ.

ರಾತ್ರಿ ಊಟಕ್ಕೆ ಕೂತಾಗ ಸರಸ್ವತಿಗೆ ಎಲ್ಲ ಹೇಳಿದೆ. ಅವಳು ಸಾರಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

"ಡಬ್ಬದಲ್ಲಿತ್ತು ಅಂದ್ರಲ್ಲ. ಅದನ್ನೇ ಕಳ್ಸಿ ಅನ್ನೋಕೆ ಏನಾಗಿತ್ತು ನಿಮ್ಗೆ?"

"ನೀರಲ್ಲಿ ಸಿಕ್ಕಿದ್ದು ಶ್ರೇಷ್ಠ ಅಂತ ಅಪ್ಪ..."

"ನಿಮ್ಮಪ್ಪ ಅವ್ರನ್ನ ನೀರಿಗಿಳ್ಸಿ ಅಂದಿದ್ರಾ?" ಮತ್ತೆ ಕೇಳಿದಳು: "ಆ ಹುಡುಗನಿಗೆ ಹೇಳಿದ್ರೋ?"

ನಾನು ತಟ್ಟೆ ನೋಡಿದೆ.

"ಅವನು ವಾಪಸ್ ಬಂದ ದಿನಾನೇ ಹೇಳ್ಬೇಕು ನೀವು. ಇಲ್ಲಾಂದ್ರೆ ನಾನ್ ಹೇಳ್ತೀನಿ."

ಭಾನುವಾರ ಕಿಟ್ಟಿ ಬಂದ. ಸರಸ್ವತಿ ಫೋನ್ ಮಾಡಿದ್ದಳೆಂದು ಕಾಣುತ್ತದೆ. ಬಾಗಿಲಲ್ಲೇ ನಿಂತು, "ಅಣ್ಣ, ನೀನು ಕಲ್ಲು ಕೇಳ್ದೆ, ಅಷ್ಟೇ. ಕೆರೆ ಕಟ್ಟೆ ನೀನು ಒಡೆದ್ಯಾ? ಪೇಪರ್ ನೋಡು, ಹಿಮಾಲಯ ಪೂರ್ತಿ ಕರಗ್ತಿದೆ. ಅದಕ್ಕೆಲ್ಲ ಕತ್ರಿಗುಪ್ಪೆ ಮಾಧವರಾಯರೇ ಕಾರಣಾನಾ?" ಅಂದ.

ನಗಿಸಲೆಂದೇ ಹೇಳಿದ. ನನಗೆ ನಗು ಬರಲಿಲ್ಲ. ಕೆರೆಯನ್ನು ಒಡೆದದ್ದು ನಾನಲ್ಲ, ನಿಜ. ಆದರೆ ಕೆರೆ ಒಡೆಯುವ ಹೊತ್ತಿಗೆ ಅದರ ಕೆಳಗೆ ಮಂಡಿನೋವಿನ ಒಬ್ಬ ಮುದುಕನನ್ನು ಬಗ್ಗಿಸಿ ನಿಲ್ಲಿಸಿದ್ದು ನಾನು.

ಕಿಟ್ಟಿ ಹೆಗಲ ಚೀಲದಿಂದ ಒಂದು ಮಡಿ ಬಟ್ಟೆಯ ಗಂಟು ತೆಗೆದು ದೇವರಮನೆಯ ಮುಂದೆ ಇಟ್ಟ. ಅವನ ಮೂರು ಸಾಲಿಗ್ರಾಮಗಳು.

"ಇಟ್ಕೋ. ಆರಾಯ್ತಲ್ಲ."

ತಿಲಕ್ ನಗರದಿಂದ ನಮ್ಮ ಮನೆಗೆ ಆಟೋದಲ್ಲಿ ಅರ್ಧ ಗಂಟೆ. ಆ ಮೂರು ಕಲ್ಲು ಅಷ್ಟು ದೂರ ಬರುವುದಕ್ಕೆ ಏಳು ವರ್ಷ ಹಿಡಿಯಿತು. ಸರಸ್ವತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಕುಕ್ಕರ್ ಇಟ್ಟಳು. ಕಿಟ್ಟಿ ಊಟಕ್ಕೂ ನಿಲ್ಲಲಿಲ್ಲ.

ಯುವರಾಜ್ ಬಂದದ್ದು ಮೂವತ್ತೆರಡು ದಿನದ ಮೇಲೆ. ಗಣೇಶನ ಹಬ್ಬ ಕಳೆದಿತ್ತು. ಬೆಳಿಗ್ಗೆ ಏಳೂವರೆ, ಗಂಟೆ ನಿಲ್ಲಿಸಿದೆ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ತಲೆ ಬೋಳಿಸಿದ್ದ, ಕೂದಲು ಆಗಷ್ಟೇ ಚಿಗುರಿತ್ತು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸಿನ ಶೂ ಕೈಯಲ್ಲಿ. ವರ್ಷವಿಡೀ ಬಿಳಿಯೇ ಉಡಬೇಕಂತೆ.

"ಸಿಗ್ಲಿಲ್ಲ ಸಾರ್," ಅಂದ. "ಹದಿನಾಲ್ಕು ದಿನ ಹುಡುಕಿದ್ವಿ. ಕೆಳಗಿನ ಊರವ್ರಿಗೂ ಸಿಕ್ಕಿಲ್ಲ. ಆಮೇಲೆ ದರ್ಭೆ ಕಟ್ಟಿ ಬುವಾನ ಮಾಡಿ, ಅದನ್ನೇ ಸುಟ್ವಿ."

"ಮನೆ?"

"ಅರ್ಧ ಇದೆ. ಊರನ್ನ ಮೇಲಕ್ಕೆ ಹಾಕ್ತಾರಂತೆ, ಗುಡ್ಡದ ಮೇಲೆ. ಈಗ ಟೆಂಟಲ್ಲಿದಾರೆ. ಮೇಲೆ ಒರತೆ ಇತ್ತು ಸಾರ್ ಮುಂಚೆ, ಅದು ಒಣಗೋಗಿದೆ. ಕೆಳ್ಗಡೆ ನೀರು ಕೊಲ್ಲತ್ತೆ, ಮೇಲ್ಗಡೆ ಕುಡಿಯೋಕೆ ನೀರಿಲ್ಲ. ಅಕ್ಕ ಅಳ್ತಾನೂ ಇಲ್ಲ ಈಗ."

ಅವನು ಶೂ ಕೆಳಗಿಟ್ಟು ಜೇಬಿನಿಂದ ಒಂದು ಕರವಸ್ತ್ರ ತೆಗೆದ. ಚೌಕುಳಿಯ ಹಳೆಯ ಕರವಸ್ತ್ರ, ಮಣ್ಣಿನ ಕಲೆ ಹಾಗೇ ಇತ್ತು. ಬಿಚ್ಚಿದ. ಒಳಗೆ ಒಂದು ಕಲ್ಲು, ಜಂಬುನೇರಳೆಯಷ್ಟು ಕಪ್ಪು, ಅಂಗೈ ಗುಳಿಗೆ ಸರಿಯಾಗಿ ಕೂರುವಷ್ಟು. ಒಂದು ಕಡೆ ಸಣ್ಣ ಬಾಯಿ, ಒಳಗೆ ಚಕ್ರ. ಅಂಥ ನುಣುಪು ನಾನು ಕಂಡಿರಲಿಲ್ಲ. ಸಾವಿರ ವರ್ಷ ನೀರು ತಿಕ್ಕಿದ್ದು.

"ಬುವಾ ಕೋಲು, ಟೋಪಿ ದಂಡೆ ಮೇಲೆ ಬಂಡೆ ಸಂದೀಲಿ ಇತ್ತು ಸಾರ್. ಜೊತೆಗಿದು. ಕರ್ಚೀಫಲ್ಲಿ ಕಟ್ಟಿಟ್ಟಿದ್ರು. ಇದು ಸಿಕ್ಕಿದ್ಮೇಲೂ ಮತ್ತೆ ಇಳ್ದಿದಾರೆ, ಇನ್ನೂ ಚೆನ್ನಾಗಿರೋದು ಹುಡುಕೋಕೆ. ಯಾರಿಗೋ ಕೊಡ್ಬೇಕು ಅಂತಿದ್ರು ಅನ್ಸತ್ತೆ. ಯಾರಿಗೆ ಅಂತ ಗೊತ್ತಿಲ್ಲ." ಎರಡೂ ಕೈಯಲ್ಲಿ ಅದನ್ನು ನನ್ನ ಮುಂದೆ ಹಿಡಿದ. "ಟೆಂಟಲ್ಲಿ ಯಾರು ಪೂಜೆ ಮಾಡ್ತಾರೆ? ನಿಮ್ಮನೇಲಿರ್ಲಿ ಸಾರ್. ನೀವು ದಿನಾ ನೀರು ಹಾಕ್ತೀರಲ್ಲ."

ನನ್ನ ಹಿಂದೆ ಸರಸ್ವತಿ ಬಂದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು.  

"ಯುವರಾಜ್," ಅಂದೆ. "ಇದು ನನಗೇ ಅಂತ ತೆಗೆದಿಟ್ಟಿದ್ದು."

ಅವನಿಗೆ ಅರ್ಥವಾಗಲಿಲ್ಲ. ಇನ್ನೂ ಕೈ ಚಾಚಿಯೇ ನಿಂತಿದ್ದ.

ಹೇಳಿದೆ. ಟ್ಯಾಂಕರ್ ಬಂದ ಮಧ್ಯಾಹ್ನ, ಅವನು ಪೈಪು ಎಳೆಯಲು ಹೋದದ್ದು, ಫೋನು ನನ್ನ ಕೈಯಲ್ಲಿದ್ದದ್ದು, ಮೂರಕ್ಕೆ ನಾಲ್ಕಾಗಬೇಕಿದ್ದದ್ದು, ಬುವಾ ಡಬ್ಬ ತಂದು ಅಲ್ಲಾಡಿಸಿದ್ದು, ನಾನು ಹರಿಯುವ ನೀರಿನದು ಬೇಕು ಎಂದದ್ದು. ಬೆಳಿಗ್ಗೆ ನದಿ ಮಲಗಿರುತ್ತದೆ ಎಂದು ಅವರು ಹೇಳಿದ್ದನ್ನೂ ಹೇಳಿದೆ. ಎಲ್ಲ ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಕಥೆ ಕೇಳಿಯೇ ಬೆಳೆದವನು ನಾನು; ಹೇಳುವಾಗ ನನ್ನ ದನಿ ಎಲ್ಲೂ ಏರಲಿಲ್ಲ, ಎಲ್ಲೂ ಇಳಿಯಲಿಲ್ಲ.

ಯುವರಾಜ್ ಬಹಳ ಹೊತ್ತು ಕಲ್ಲನ್ನೇ ನೋಡಿದ. ಕೆಳಗೆ ಯಾರೋ ಗೇಟು ಬಡಿದರು. ಅವನು ತಿರುಗಲಿಲ್ಲ.

"ಡಬ್ಬದಲ್ಲಿ ಇದ್ದಿದ್ದು ಆಗ್ತಿರ್ಲಿಲ್ವಾ ಸಾರ್?"

ಬೈಯಲಿಲ್ಲ. ಕೋಪದ ದನಿಯೂ ಅಲ್ಲ. ಯಾವುದೋ ವಿಧಿ ಗೊತ್ತಿಲ್ಲದೆ ಕೇಳುವವನಂತೆ ಕೇಳಿದ.

"ಆಗ್ತಿತ್ತು," ಅಂದೆ.

"ಅದಕ್ಕೂ ಚಕ್ರ ಇತ್ತು."

"ಹೂಂ."

"ಅದನ್ನೂ ಬುವಾನೇ ಅಗೆದಿದ್ದು."

 ಅವನು ಕರವಸ್ತ್ರವನ್ನು ಮೊದಲಿನ ಮಡಿಕೆಗಳಲ್ಲೇ ಮಡಿಸಿ, ಕಲ್ಲನ್ನು ಒಳಗಿಟ್ಟು, ಗಂಟು ಹಾಕಿ ಜೇಬಿಗೆ ಸೇರಿಸಿದ. ನನ್ನ ಕೈಯಲ್ಲಿ ಪಂಚಪಾತ್ರೆ ಇತ್ತು. ಅಭ್ಯಾಸಬಲದಿಂದ ಉದ್ಧರಣೆ ಎತ್ತಿದೆ. ಅವನು ನೀರನ್ನು ನೋಡಿದ.

"ಬೇಡ ಸಾರ್," ಅಂದು ಶೂ ಎತ್ತಿಕೊಂಡು ಇಳಿದು ಹೋದ.

ಅವನು ಕೆಲಸ ಬಿಟ್ಟು ಹೋಗಬಹುದೆಂದುಕೊಂಡಿದ್ದೆ. ಹೋಗಲಿಲ್ಲ. ಅಕ್ಕನ ಮಕ್ಕಳು ಟೆಂಟಿನಲ್ಲಿದ್ದಾರೆ, ಕೆಲಸ ಬಿಡಲಾಗುವುದಿಲ್ಲ. ಗೇಟು ತೆಗೆಯುತ್ತಾನೆ, ಹಾಕುತ್ತಾನೆ. ನಾನು ದಾಟುವಾಗ ಎದ್ದು ನಿಲ್ಲುತ್ತಾನೆ, ಮೊದಲಿನ ಹಾಗೆಯೇ. "ಪಾರ್ಸೆಲ್ ಬಂದಿದೆ ಸಾರ್," ಅನ್ನುತ್ತಾನೆ. ಸರಸ್ವತಿ ಕೊಟ್ಟರೆ ಕಾಫಿ ಕುಡಿಯುತ್ತಾನೆ, ಲೋಟ ತೊಳೆದು ಕಟ್ಟೆಯ ಮೇಲಿಡುತ್ತಾನೆ. ಅಷ್ಟೇ.

ನನ್ನ ತಟ್ಟೆಯಲ್ಲಿ ಈಗ ಆರು ಇವೆ. ಆಚಾರ್ಯರು ನೋಡಿ ತೃಪ್ತಿಪಟ್ಟರು. ನೀರು ಹಾಕುವಾಗ ಅಪ್ಪನ ದನಿ ಕಿವಿಗೆ ಬರುತ್ತದೆ, ವರ ಕೇಳುವ ತನಕ ಬರುತ್ತದೆ. 'ಹೊಟ್ಟೆಯಲ್ಲಿರು' ಎಂಬಲ್ಲಿಗೆ ಬಂದಾಗ ನಾನು ಗಂಟೆಯನ್ನು ಜೋರಾಗಿ ಬಾರಿಸುತ್ತೇನೆ. ಏಳೂವರೆಗೆ ಬಾಗಿಲು ತೆಗೆಯುತ್ತೇನೆ. ಉಳಿದ ತೀರ್ಥವನ್ನು ಸರಸ್ವತಿ ಬಾಲ್ಕನಿಯ ತುಳಸಿಗೆ ಹಾಕುತ್ತಾಳೆ.

ಬುವಾ ಹೆಕ್ಕಿದ ಆ ಕಲ್ಲು ಗೇಟಿನ ಬಳಿಯ ಮೇಜಿನ ಮೇಲಿದೆ. ಒಳಬರುವವರು ಹೆಸರು ಬರೆಯುವ ರಿಜಿಸ್ಟರಿನ ಹಾಳೆಗಳು ಗಾಳಿಗೆ ಹಾರದಂತೆ ಯುವರಾಜ್ ಅದನ್ನು ಮೇಲಿಟ್ಟಿದ್ದಾನೆ. ಅದು ನನ್ನ ಮೇಲಿನ ಸಿಟ್ಟೋ, ಬುವಾ ಹಗಲೆಲ್ಲ ಕಣ್ಣೆದುರಿಗಿರಲಿ ಎಂಬ ಆಸೆಯೋ, ನನಗೆ ತಿಳಿಯದು, ಕೇಳುವ ಬಾಯಿಯೂ ನನಗಿಲ್ಲ. ಡೆಲಿವರಿಗೆ ಬಂದವರು ಅದನ್ನು ಎತ್ತಿ ಪಕ್ಕಕ್ಕಿಡುತ್ತಾರೆ, ಬರೆಯುತ್ತಾರೆ, ಮತ್ತೆ ಹಾಳೆಯ ಮೇಲಿಟ್ಟು ಹೋಗುತ್ತಾರೆ. ನಿನ್ನೆ ಮಳೆ ಬಂತು. ಎರಚಲು ಮೇಜಿನ ತನಕ ಹೊಡೆಯುತ್ತಿತ್ತು. ಯುವರಾಜ್ ಓಡಿ ಬಂದು ರಿಜಿಸ್ಟರನ್ನು ಎತ್ತಿಕೊಂಡು ಕೋಣೆಯೊಳಗಿಟ್ಟ. ಮತ್ತೆ ಬಂದು ಕಲ್ಲನ್ನು ಎತ್ತಿ, ಅದರ ಮೇಲಿನ ನೀರನ್ನು ಒಂದು ಹನಿಯೂ ಉಳಿಯದಂತೆ ತನ್ನ ಬಿಳಿ ಅಂಗಿಯಲ್ಲಿ ಒರೆಸಿದ.